ಕೂಸಿಗೆ ಎರೆಯುವ ಕಾಲು

ಕಾಡುಗೋಡಿ ರೈಲು ನಿಲ್ದಾಣದ ಹಿಂದಿನ ಸಾಲುಮನೆಗಳಲ್ಲಿ ಮಲಕವ್ವ ಅಂದರೆ ಎಲ್ಲರಿಗೂ ಗೊತ್ತು. ಬಾಯಿಯಿಂದಲ್ಲ, ಬಾಯಿ ಜೋರಿದ್ದವರು ಆ ಸಾಲಿನಲ್ಲಿ ಬೇಕಾದಷ್ಟು ಜನ ಇದ್ದರು. ಅವಳ ಹೆಸರು ನಿಂತಿದ್ದು ಕಾಲಿನಿಂದ. ಆ ಕಾಲುಗಳ ಮೇಲೆ ಬೋರಲು ಮಲಗಿ ಎಣ್ಣೆನೀರು ಕಂಡ ಕೂಸುಗಳು ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ತುಂಬ ಸೈಕಲ್ ಹೊಡೆಯುತ್ತಿದ್ದವು. ಲಿಂಗಸುಗೂರು ಕಡೆಯಿಂದ ಗಂಡ ಯಂಕಪ್ಪನ ಜೊತೆ ಇಟ್ಟಿಗೆ ಹೊರಲು ಬಂದವಳು ಒಮ್ಮೆ ಮೇಸ್ತ್ರಿಯ ಮೊಮ್ಮಗುವಿಗೆ ಎರೆದುಕೊಟ್ಟಳು. ಹುಟ್ಟಿದಾಗಿನಿಂದ ಕಿರಿಚುತ್ತಿದ್ದ ಕೂಸು ಆವತ್ತು ಸಾಂಬ್ರಾಣಿ ಹೊಗೆ ಹಾಕುವ ಮೊದಲೇ ನಿದ್ದೆ ಹೋಯಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ತಲೆಯ ಮೇಲಿನ ಇಟ್ಟಿಗೆ ಬುಟ್ಟಿ ಕೆಳಗಿಳಿದು, ಬಾಣಂತಿಯರ ಮನೆಗಳಿಂದ ಕರೆ ಬರತೊಡಗಿತು.

ಎರೆಯುವುದೆಂದರೆ ಅವಳ ಪಾಲಿಗೆ ಅರ್ಧ ದೇವರ ಕೆಲಸ. ಬಚ್ಚಲಲ್ಲಿ ಗಿಡ್ಡ ಮಣೆ ಹಾಕಿ ಕೂತು, ಸೀರೆ ಮೊಣಕಾಲಿಗೆ ಏರಿಸಿ, ಎರಡೂ ಕಾಲು ಜೋಡಿಸಿ ಮುಂದಕ್ಕೆ ಚಾಚಿ, ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸುವಳು. ಆಮೇಲೆ ಅದು ಅತ್ತರೂ ಒದ್ದರೂ ಅವಳ ಕಾಲು ಅಲುಗುತ್ತಿರಲಿಲ್ಲ. ಟಬ್ಬಿನಲ್ಲಿ ಸ್ನಾನ ಮಾಡಿಸಿದರೆ ಆಗದೇ ಎಂದು ಕೇಳುವ ಮೇಡಂಗಳಿಗೆ, "ಟಬ್ಬು ಅರಿವಿ ನೆನಿ ಹಾಕಾಕ ಇರ್ಲಿ ಮೇಡಂ. ಕೂಸಿಗೆ ಕಾಲ ಬೇಕು," ಎಂದುಬಿಡುವಳು.

ಅಂಥ ಕಾಲು ನೀರಿನ ಟ್ಯಾಂಕರಿನ ಮುಂದೆ ಮುರಿಯಿತು. ಬೇಸಿಗೆಯ ದಿನ, ಟ್ಯಾಂಕರು ತಡವಾಗಿ ಬಂದಿತ್ತು, ಸಾಲಿನ ಹೆಂಗಸರೆಲ್ಲ ಒಟ್ಟಿಗೆ ನುಗ್ಗಿದರು. ಮಲಕವ್ವ ತುಂಬಿದ ಕೊಡದ ಸಮೇತ ಕೆಸರಿನಲ್ಲಿ ಜಾರಿ ಬಿದ್ದಳು. ಹಿಂದೆಯೇ ನಿಂತಿದ್ದ ಸೊಸೆ ಶಿವಗಂಗಾ, ಬಸುರಿ, ಎಲುಬು ಮುರಿದ ಸದ್ದು ತನ್ನ ಕಿವಿಯಿಂದಲೇ ಕೇಳಿದಳು. ತೊಡೆ ಎಲುಬಿನ ಮೇಲಿನ ಗುಂಡು ಮುರಿದಿದೆ, ಈ ವಯಸ್ಸಿನಲ್ಲಿ ಅದು ಕೂಡುವುದಿಲ್ಲ, ತೆಗೆದು ಬೇರೆ ಹಾಕಬೇಕು ಎಂದರು ಆಸ್ಪತ್ರೆಯವರು. ಸರಕಾರದ ಕಾರ್ಡಿನ ಮೇಲೆ ಆಪರೇಷನ್ ಆಗಿ, ಸೊಂಟದ ಕೆಳಗೆ ಚಪ್ಪೆಯ ಕೀಲಿಗೆ ಲೋಹದ ಗುಂಡು ಬಂದು ಕೂತಿತು.

ಮನೆಗೆ ಕಳಿಸುವ ದಿನ ಡಾಕ್ಟರು ಮಗ ಸಿದ್ರಾಮನನ್ನು ಕರೆದು ಹೇಳಿದರು. "ನಡೀತಾರೆ, ಚೆನ್ನಾಗೇ ನಡೀತಾರೆ. ಆದ್ರೆ ನೆಲದ ಮೇಲೆ ಕೂರೋದು, ಕುಕ್ಕರಗಾಲಲ್ಲಿ ಕೂರೋದು, ಪೂರ್ತಿ ಬಗ್ಗೋದು, ಇದ್ಯಾವುದೂ ಬೇಡ. ಗುಂಡು ಗೂಡಿಂದ ಜಾರಿಬಿಡುತ್ತೆ."

"ಎಲ್ಲಿ ಮಟ ಸಾರ್? ಎಷ್ಟ್ ತಿಂಗಳ?"

"ತಿಂಗಳ ಲೆಕ್ಕ ಅಲ್ಲಪ್ಪ. ಇನ್ಮೇಲೆ ಯಾವಾಗ್ಲೂ."

ಸಿದ್ರಾಮ ಆ ಮಾತನ್ನು ಹೊತ್ತುಕೊಂಡೇ ವಾರ್ಡಿಗೆ ಬಂದ. ಮಲಕವ್ವ ಅವನಿಗಾಗಿಯೇ ಕಾಯುತ್ತಿದ್ದಳು.

"ನಿನ್ನ ಹೇಂತಿ ಹಡಿಯೋದ್ರಾಗ ನನ್ನ ಕಾಲ ಮೊದಲಿನಂಗ ಆಗತೈತಿ ಹೌದಿಲ್ಲೊ? ಅಕಿಗೆ ತವರಾಗ ತಾಯಿಲ್ಲ, ಬಾಣಂತನ ನಾನ ಮಾಡ್ಬೇಕು. ಊರ ಮಂದಿ ಕೂಸಿಗೆಲ್ಲಾ ಎರದು, ನನ್ನ ಮನಿ ಕೂಸಿನ್ನ ಕಾಲ ಮ್ಯಾಲ ಹಾಕ್ಕೊಳ್ಳಾಕ ಆಗಂಗಿಲ್ಲ ಅಂದ್ರ ನಾ ಯಾಕ ಇರ್ಬೇಕೋ?" ಅಂದಳು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು.

ಸಿದ್ರಾಮ ಅವಳ ಕಣ್ಣೊರೆಸಿದ. "ಆಗತೈತಿ ಬೇ. ಮೊದಲ ನಡಿ. ನಡದಿ ಅಂದ್ರ ಎಲ್ಲಾ ಆಗತೈತಿ," ಅಂದ. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ ಪಾಪ, ಆ ಹೊತ್ತು ದಾಟಿಸಲು ಹೇಳಿದ್ದು. ಮಲಕವ್ವ ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮನೆ ಅಂದರೆ ಒಂದೇ ಕೋಣೆ. ಒಂದು ಮೂಲೆಗೆ ಗ್ಯಾಸಿನ ಒಲೆ, ಇನ್ನೊಂದು ಮೂಲೆಗೆ ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಪರದೆ ಎಳೆದ ಬಚ್ಚಲು. ಪಾಯಖಾನೆ ಸಾಲಿನ ಕೊನೆಗೆ, ಎಲ್ಲರಿಗೂ ಸೇರಿದ್ದು, ಕುಕ್ಕರಗಾಲಲ್ಲಿ ಕೂರುವಂಥದ್ದು. ಸಿದ್ರಾಮ ಬೆಳ್ಳಂದೂರಿನ ಕಂಪನಿಗೆ ಕ್ಯಾಬು ಓಡಿಸುತ್ತಿದ್ದ. ಅಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಕಬ್ಬಿಣದ ಮಂಚ ತಂದು ಹಾಕಿದ. ಹಳೇ ಪ್ಲಾಸ್ಟಿಕ್ ಕುರ್ಚಿಯೊಂದಕ್ಕೆ ಕುಡುಗೋಲು ಕಾಯಿಸಿ ನಡುವೆ ತೂತು ಕೊರೆದು, ಕೆಳಗೆ ಬಕೆಟ್ ಇಟ್ಟು ಬಚ್ಚಲಲ್ಲಿ ನಿಲ್ಲಿಸಿದ. ಕುರ್ಚಿಯೇನೋ ಆಯಿತು, ಬಕೆಟ್ ಯಾರು ತೊಳೆಯಬೇಕು ಎಂದು ಯಾರೂ ಮಾತಾಡಿರಲಿಲ್ಲ.

ಒಂದು ವಾರ ಶಿವಗಂಗಾ ಮೂಗಿಗೆ ಸೆರಗು ಕಟ್ಟಿಕೊಂಡು ತೊಳೆದಳು. ಆಮೇಲೊಂದು ಬೆಳಿಗ್ಗೆ ಬಕೆಟ್ ಅಲ್ಲೇ ಬಿಟ್ಟು ಬಂದು ಒಲೆಯ ಮುಂದೆ ನಿಂತಳು.

"ನನಗ ಆಗಂಗಿಲ್ರಿ ಅತ್ತಿ. ಆ ವಾಸನಿಗೆ ಹೊಟ್ಟಿ ಕಿತ್ತು ಬರ್ತೈತಿ. ನಿಮ್ಮ ಮಗಗ ಹೇಳ್ರಿ."

"ಗಂಡಮಗ ತಾಯಿದು ಬಳೀತಾನೇನು?"

"ಹಡದ ಮಗ ಬಳೀಬಾರ್ದು, ಮಂದಿ ಮನಿಯಿಂದ ಬಂದಕಿ ಬಳೀಬೇಕು. ನ್ಯಾಯ ಛಲೋ ಐತಿ ಬಿಡ್ರಿ."

"ನಿನ್ನ ಹೊಲಸು ನಾ ಬಳ್ಯಾಕ ಬರ್ತೀನಿ ತಡಿ, ಬಾಣಂತಿ ಆದಾಗ. ಆಗ ನೆನಸ್ಕೊಂತಿ."

ರಾತ್ರಿಪಾಳಿಯ ವಾಚ್‌ಮನ್ ಕೆಲಸ ಮುಗಿಸಿ ಬಂದು ಕೆಳಗೆ ಮಲಗಿದ್ದ ಯಂಕಪ್ಪ ಹೊದಿಕೆ ಒದ್ದು ಎದ್ದ. "ಇಬ್ರೂ ಬಾಯಿ ಮುಚ್ರಿ. ಮನಷಾಗ ನಿದ್ದಿ ಬ್ಯಾಡೇನು?" ಎಂದವನೇ ಬಕೆಟ್ ಎತ್ತಿಕೊಂಡು ಹೊರಗೆ ಹೋದ. ಸಾಲಿನ ಹೆಂಗಸರೆಲ್ಲ ನೋಡುತ್ತಿರುವಾಗಲೇ ಪಾಯಖಾನೆಗೆ ಸುರಿದು, ತೊಳೆದು, ತಂದು ಇಟ್ಟು ಮತ್ತೆ ಹೊದ್ದು ಮಲಗಿದ. ಮಲಕವ್ವ ಮುಖ ಗೋಡೆಗೆ ತಿರುಗಿಸಿದಳು. ಕೈಹಿಡಿದ ಗಂಡ ತನ್ನ ಬಕೆಟ್ ಹೊತ್ತದ್ದು ಎಲುಬು ಮುರಿದದ್ದಕ್ಕಿಂತ ಹೆಚ್ಚು ನೋಯಿಸಿತು. ಆವತ್ತೇ ಮಧ್ಯಾಹ್ನ ಆಸ್ಪತ್ರೆಯವರು ಕೊಟ್ಟ ವಾಕರ್ ಹಿಡಿದು ಹೊಸ್ತಿಲು ದಾಟಿದಳು.

ಆಮೇಲೆ ಅವಳಿಗೆ ನಡೆಯುವುದೊಂದೇ ಹುಚ್ಚು. ಆಸ್ಪತ್ರೆಯಲ್ಲಿ ಕಾಲು ಎತ್ತಿಸುತ್ತಿದ್ದ ಹುಡುಗಿ ಹೇಳಿಕೊಟ್ಟಂತೆ ಮಂಚದ ಮೇಲೆ ಮಲಗಿ ಕಾಲು ಬದಿಗೆ ಸರಿಸುವಳು, ಬಾಗಿಲ ಚೌಕಟ್ಟು ಹಿಡಿದು ಒಂಟಿಕಾಲಲ್ಲಿ ನಿಲ್ಲುವಳು. "ಕೆಳಗೆ ಕೂತ್ಕೋಬೇಡಿ ಅಮ್ಮಾ" ಎಂದೂ ಆ ಹುಡುಗಿ ಹೇಳಿತ್ತು. ಮಲಕವ್ವನ ಲೆಕ್ಕದಲ್ಲಿ ಅದು ಗಾಯ ಹಸಿ ಇರುವವರೆಗಿನ ಮಾತು. ವಾಕರ್ ಹೋಗಿ ಕೋಲು ಬಂತು. ಕೋಲು ಹಿಡಿದು ರೈಲ್ವೆ ಗೇಟಿನ ತನಕ ಹೋಗಿ ಬರುವಾಗ ಅವಳು ಕಣ್ಣಿಗಿಂತ ಕಿವಿಯನ್ನೇ ನಂಬಿದಳು. ಎಡಗಾಲಿನ ಚಪ್ಪಲಿ ಟಪ್ಪೆಂದು ಬೀಳುತ್ತಿತ್ತು, ಬಲಗಾಲಿನದು ಸರ್ರೆಂದು ಎಳೆಯುತ್ತಿತ್ತು. ಎರಡೂ ಒಂದೇ ಸದ್ದು ಮಾಡಿದ ದಿನ ತನ್ನ ಕಾಲು ತನಗೆ ಬಂದಂತೆ ಎಂದುಕೊಂಡಳು.

ಪಕ್ಕದ ಮನೆಯ ಚನ್ನಕ್ಕ, ಕುಣಿಗಲ್ ಕಡೆಯವಳು, ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತು ತಮಾಷೆ ಮಾಡುವಳು. "ಏನ್ ಮಲಕಮ್ಮ, ಮದ್ವೆ ಎಣ್ಣು ನಡದಂಗೆ ನಡೀತಿದೀಯ. ಯಾವೂರ್ ಗಂಡು ಬರ್ತಾನೆ?"

"ಗಂಡಲ್ಲ, ಮೊಮ್ಮಗು ಬರ್ತೈತಿ. ದಾರಿ ಬಿಡು."

ಊಟಕ್ಕೆ ಕೂತಾಗ ಮಾತ್ರ ಅವಳಿಗೆ ಮೈಯೆಲ್ಲ ಮುಳ್ಳು. ಮೂವರೂ ನೆಲದ ಮೇಲೆ, ನಡುವೆ ರೊಟ್ಟಿಯ ಬುಟ್ಟಿ, ಪುಂಡಿಪಲ್ಯದ ಗಂಗಾಳ. ಇವಳೊಬ್ಬಳು ಇನ್ನೊಂದು ಕುರ್ಚಿಯ ಮೇಲೆ ತಾಟು ತೊಡೆಯಲ್ಲಿಟ್ಟುಕೊಂಡು.

"ಗಂಡ ನೆಲದ ಮ್ಯಾಲ, ನಾ ಕುರ್ಚಿ ಮ್ಯಾಲ. ತಹಶೀಲ್ದಾರ ಆಗೀನಿ ನೋಡು," ಅನ್ನುವಳು. "ಸಿದ್ದೂ, ಎಂದ ಕೆಳಗ ಕುಂದ್ರಲೋ? ಡಾಕ್ಟರ್ ಏನಂದಾರ?"

"ತಡೀ ಬೇ, ಇನ್ನೊಂದೀಟು ದಿನ," ಎಂದು ಸಿದ್ರಾಮ ರೊಟ್ಟಿ ಮುರಿದು ಬಾಯಿ ತುಂಬಿಕೊಳ್ಳುವನು. ಬಾಯಿ ತುಂಬಿದವನ ಹತ್ತಿರ ಇನ್ನೇನು ಕೇಳುವುದು ಎಂದು ಅವಳೂ ತಾಟಿಗೆ ಕೈ ಹಾಕುವಳು.

ಮಳೆ ಹಿಡಿಯುವ ಹೊತ್ತಿಗೆ ಶಿವಗಂಗಾ ಹೆಣ್ಣುಕೂಸು ಹಡೆದಳು. ಮಲಕವ್ವನ ಕೋಲು ಆಗಲೇ ಬಾಗಿಲ ಹಿಂದೆ ಸೇರಿತ್ತು, ಪಾಯಖಾನೆಗೆ ತೂತಿನ ಕುರ್ಚಿ ಹಿಡಿದುಕೊಂಡು ತಾನೇ ಹೋಗಿ ಬರುತ್ತಿದ್ದಳು. ಆಸ್ಪತ್ರೆಯಿಂದ ಬಾಣಂತಿ ಮನೆಗೆ ಬರುವ ದಿನ ಅವಳು ಎದ್ದವಳೇ ಅಟ್ಟದ ಮೇಲಿಂದ ಮಣೆ ಇಳಿಸಿ, ತೊಳೆದು, ಕಡಲೆಹಿಟ್ಟು ಜರಡಿ ಹಿಡಿದು, ಎಣ್ಣೆಗೆ ಅಜವಾನ ಹಾಕಿ ಕಾಯಿಸಿಟ್ಟಳು. ಶಿವಗಂಗಾ ಒಳಗೆ ಬಂದು ಅದನ್ನೆಲ್ಲ ನೋಡಿದಳು.

"ಬ್ಯಾಡ್ರಿ ಅತ್ತಿ. ಎರಿಯಾಕ ಚನ್ನಕ್ಕಗ ಹೇಳೀನಿ."

"ಯಾಕ? ನಾ ಸತ್ತೀನೇನು?"

"ನಿಮ್ಮ ಕಾಲಾಗ ಕಬ್ಬಿಣ ಐತ್ರಿ. ಅದರ ಮ್ಯಾಲ ನನ್ನ ಕೂಸಿನ್ನ ಹಾಕಂಗಿಲ್ಲ."

"ಕಬ್ಬಿಣ ಒಳಗೈತಿ, ಹೊರಗ ಚರ್ಮನ ಐತಿ. ನಾ ನಡಿಯೋದು ನೀ ನೋಡಿಲ್ಲೇನು?"

"ಬಿದ್ದದ್ದೂ ನೋಡೀನ್ರಿ. ಆ ಸಪ್ಪಳ ಇನ್ನಾ ನನ್ನ ಕಿವ್ಯಾಗೈತಿ."

ಮಲಕವ್ವ ಮಣೆಯನ್ನು ಕಾಲಿನಿಂದ ಮಂಚದ ಕೆಳಗೆ ನೂಕಿದಳು. ಆವತ್ತು ಉಣ್ಣಲಿಲ್ಲ. ಯಂಕಪ್ಪ ಬಂದು, "ಸಣ್ಣ ಹುಡುಗಿ, ಅಂಜ್ಯಾಳ. ಬಿಡು," ಎಂದರೂ ಉಣ್ಣಲಿಲ್ಲ. ನೂರು ಮನೆಯವರು ನಂಬಿದ ಕಾಲನ್ನು ಮನೆಯ ಸೊಸೆ ನಂಬಲಿಲ್ಲವೆಂಬುದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ಚನ್ನಕ್ಕ ಬಂದು ಎರೆಯತೊಡಗಿದಳು. ಒಳ್ಳೆಯ ಹೆಂಗಸೇ, ಆದರೆ ಅವಳಿಗೆ ಗಾರ್ಮೆಂಟ್ಸಿನ ಗಾಡಿಗೆ ಹೊತ್ತಾಗುತ್ತಿತ್ತು. ದಡಬಡ ಎಣ್ಣೆ ಸವರಿ, ದಡಬಡ ನೀರು ಸುರಿದು ಎತ್ತಿಕೊಟ್ಟುಬಿಡುವಳು. ಕೂಸು ಸಾಲಿನ ಆ ತುದಿಗೆ ಕೇಳುವಂತೆ ಚೀರುತ್ತಿತ್ತು. ಮಂಚದ ಮೇಲೆ ಕೂತ ಮಲಕವ್ವನ ಬಾಯಿ ಸುಮ್ಮನಿರುವ ಬಾಯಲ್ಲ.

"ನೆತ್ತಿ ಮ್ಯಾಲ ಹಂಗ ಸುರೀಬ್ಯಾಡ. ಅಂಗೈ ಅಡ್ಡ ಹಿಡಿ."

"ಇಡ್ದಿದೀನಿ ಕಣಮ್ಮ."

"ಬೆನ್ನು ತೀಡಲೇ ಇಲ್ಲಲ್ಲ. ಕೈಕಾಲು ಅಡ್ಡ ಹಾಕಿ ಎಳೀಬೇಕು. ಅರಿವಿ ಹಿಂಡಿದಂಗ ಹಿಂಡ್ತಿ ನೋಡು."

ಕೆಲವು ದಿನ ಚನ್ನಕ್ಕ ನಕ್ಕು ಸಹಿಸಿದಳು. ಆಮೇಲೆ ಒಂದು ಬೆಳಿಗ್ಗೆ ಒದ್ದೆ ಕೂಸನ್ನು ಶಿವಗಂಗಾಳ ಕೈಗೆ ಕೊಟ್ಟು ಸೀರೆ ಕೊಡವಿಕೊಂಡು ಎದ್ದಳು. "ಇಂಗೆ ದಿನಾ ಅನ್ನಿಸ್ಕಂಡು ಮಾಡಕ್ಕೆ ನಂಗೇನ್ ಹರಕೆ ಇಲ್ಲ ಕಣವ್ವ. ನಾಳೆಯಿಂದ ನಿಮ್ಮತ್ತೇನೇ ಆಕ್ಲಿ." ಅಷ್ಟು ಹೇಳಿ ಗಾಡಿಗೆ ಓಡಿದಳು.

ಆವತ್ತಿನ ಊಟ ಯಾರಿಗೂ ರುಚಿಸಲಿಲ್ಲ. ಶಿವಗಂಗಾ ತಾಟುಗಳನ್ನು ಕುಕ್ಕಿದಳು.

"ಈಗ ಸಮಾಧಾನ ಆತೇನ್ರಿ ಅತ್ತಿ? ಬಂದಕಿನ್ನ ಓಡಿಸಿದ್ರಿ."

"ಓಡಿಸಿದ್ದಲ್ಲ, ತಪ್ಪು ತೋರಿಸಿದೆ. ನನ್ನ ಮೊಮ್ಮಗಳ ಮೈ ಅದು."

"ನಾಳಿಗೆ ಯಾರು ಎರೀಬೇಕು? ನನಗ ಬರಂಗಿಲ್ಲ. ನಮ್ಮವ್ವ ಇದ್ದಿದ್ರ ನಾ ಯಾರ ಕಾಲೂ ಹಿಡೀತಿದ್ದಿಲ್ಲ."

"ನನ್ನ ಕಾಲ ಹಿಡಿ ಅಂತ ಯಾರಂದ್ರು? ಕೂಸಿನ್ನ ಅದರ ಮ್ಯಾಲ ಹಾಕು ಅಂದೀನಿ, ಅಷ್ಟ." ಮಲಕವ್ವ ಮಗನ ಕಡೆ ತಿರುಗಿದಳು. "ಸಿದ್ದೂ, ನೀನ ಹೇಳು ನಿನ್ನ ಹೇಂತಿಗೆ. ನಡದ ಮ್ಯಾಲ ಎಲ್ಲಾ ಆಗತೈತಿ ಅಂತ ಡಾಕ್ಟರ್ ಅಂದಾರೋ ಇಲ್ಲೋ?"

ಶಿವಗಂಗಾ ಗಂಡನ ಮುಖವನ್ನೇ ನೋಡಿದಳು. "ಹಂಗಂದಾರೇನ್ರಿ?"

ಸಿದ್ರಾಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಈಗ ಹೇಳಿಬಿಟ್ಟರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಎರಡೂ ಕಡೆಯಿಂದ ಬೈಗುಳ ಬೀಳುತ್ತದೆ, ಅವ್ವ ಮಂಚ ಹಿಡಿದರೂ ಹಿಡಿದಾಳು. ಒಳ್ಳೆಯ ಹೊತ್ತು ನೋಡಿ ಹೇಳಿದರಾಯಿತು ಎಂದು ಅವನ ಎಣಿಕೆ. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು, ಬೆಳ್ಳಂದೂರಿನ ಕಂಪನಿಯವರು.

"ಹೂಂ, ಅಂದಾರ. ಆದ್ರ ಅವಸರ ಬ್ಯಾಡ," ಎಂದು ಕೈತೊಳೆದು, ಕ್ಯಾಬಿನ ಕೀಲಿ ತೆಗೆದುಕೊಂಡು ಹೊರಟುಹೋದ. ಹೆಂಗಸರಿಬ್ಬರಿಗೂ ಅದರಲ್ಲಿ ಮೊದಲಿನ ಮಾತು ಮಾತ್ರ ಕೇಳಿಸಿತು.

ಮರುದಿನವೂ ಅದರ ಮರುದಿನವೂ ಕೂಸಿಗೆ ನೀರು ಬೀಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮಲಗಿಸಿದರೆ ಅದು ಮಲಗುವುದಿಲ್ಲ, ಕತ್ತಿನ ಸಂದಿಯಲ್ಲಿ ಬೆವರುಸಾಲೆ, ಅತ್ತು ಅತ್ತು ಧ್ವನಿ ಒಡೆಯಿತು. ಶಿವಗಂಗಾಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಟ್ಯಾಂಕರು ಬಂದ ಸದ್ದಾದಾಗ ಮಲಕವ್ವ ಕೊಡ ತೆಗೆದುಕೊಂಡು ತಾನೇ ಎದ್ದಳು.

ಶಿವಗಂಗಾ ಬಾಗಿಲಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತು ನೋಡಿದಳು. ಅದೇ ಕೆಸರು, ಅದೇ ನೂಕಾಟ. ಪೈಪು ಹಿಡಿದ ಹುಡುಗನೊಬ್ಬ ಕೊಡವನ್ನು ತಲೆಗೆ ಎತ್ತಿಕೊಟ್ಟ. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಗಟಾರದ ಕಲ್ಲು ದಾಟಿ, ಕೊಡಕ್ಕೆ ಕೈ ಹಿಡಿಯದೆ ನಡೆದು ಬಂದಳು. ಎರಡೂ ಚಪ್ಪಲಿ ಒಂದೇ ಸಮ ಟಪ್ ಟಪ್ ಅನ್ನುತ್ತಿದ್ದವು. ಹನಿ ನೀರು ತುಳುಕಲಿಲ್ಲ. ಸಾಲಿನ ಹೆಂಗಸರು, "ನೋಡ್ರೇ, ಏನೂ ಆಗೇ ಇಲ್ಲ ಅನ್ನಂಗವ್ಳೆ," ಎಂದು ಮಾತಾಡಿಕೊಂಡರು.

ಅತ್ತೆ ಕೊಡ ಇಳಿಸಲು ಶಿವಗಂಗಾ ಒಂದು ಕೈ ಕೊಟ್ಟಳು. ಆಮೇಲೆ, "ಅತ್ತಿ, ನೀರು ಕಾಸಲೇನ್ರಿ?" ಎಂದಳು.

"ಯಾಕ?"

"ಕೂಸಿಗೆ ಎರಿಯಾಕ."

ಮಲಕವ್ವ ಆ ಮಾತಿಗೆ ಸೊಕ್ಕು ತೋರಿಸಬಹುದಿತ್ತು, ಮನಸ್ಸಾಗಲಿಲ್ಲ. ಮಂಚದ ಕೆಳಗಿನಿಂದ ಮಣೆಯನ್ನು ಕೋಲಿನಿಂದ ಎಳೆದುಕೊಂಡಳು. ಮನೆಯಲ್ಲಿ ಗಂಡಸರಿಬ್ಬರೂ ಇರಲಿಲ್ಲ. ಯಂಕಪ್ಪನಿಗೆ ಜೊತೆಯವನು ಬಾರದೆ ಹಗಲುಪಾಳಿಯೂ ಬಿದ್ದಿತ್ತು. ಬಚ್ಚಲ ಕಟ್ಟೆ ಹಿಡಿದು, ಒಂದು ಕಾಲು ಮುಂದಿಟ್ಟು, ಮೆಲ್ಲಮೆಲ್ಲಗೆ ಇಳಿದು ಮಣೆಯ ಮೇಲೆ ಕೂತಳು. ಚಪ್ಪೆಯಲ್ಲಿ ಒಂದು ಬಿಗಿ ಹಿಡಿಯಿತು. ಬಹಳ ದಿನದ ಮೇಲೆ ಕೂತದ್ದಕ್ಕೆ ಇರಬೇಕು ಎಂದುಕೊಂಡು ಸೀರೆ ಏರಿಸಿ ಎರಡೂ ಕಾಲು ಚಾಚಿ ಜೋಡಿಸಿದಳು.

"ತಾ ಇಲ್ಲಿ ನನ್ನ ಬಂಗಾರಿನ್ನ."

ಶಿವಗಂಗಾ ಕೂಸನ್ನು ಕಾಲುಗಳ ಮೇಲೆ ಇಟ್ಟಳು. ಇಟ್ಟ ಮೇಲೂ ಒಂದು ಗಳಿಗೆ ಕೈ ತೆಗೆಯಲಿಲ್ಲ. ಮಲಕವ್ವ ಅದನ್ನು ನೋಡಿಯೂ ನೋಡದಂತೆ ಎಣ್ಣೆಯ ಬಟ್ಟಲಿಗೆ ಬೆರಳು ಅದ್ದಿದಳು. ನೆತ್ತಿಗೆ ಎಣ್ಣೆ ಒತ್ತಿದಳು, ಎದೆಗೆ ಸವರಿದಳು, ಎಡಗೈಯನ್ನು ಬಲಗಾಲಿಗೆ, ಬಲಗೈಯನ್ನು ಎಡಗಾಲಿಗೆ ತಂದು ಮುಟ್ಟಿಸಿದಳು. ಬೋರಲು ಹಾಕಿ ಬೆನ್ನು ತೀಡಿದಳು. ಎರಡು ದಿನ ಅತ್ತ ಕೂಸು ಒಮ್ಮೆ ಬಿಕ್ಕಿ, ಅಜ್ಜಿಯ ಮೊಣಕಾಲಿಗೆ ಗಲ್ಲ ಒತ್ತಿ ಸುಮ್ಮನಾಯಿತು.

"ಸುಮ್ನಾತಲ್ರಿ," ಅಂದಳು ಶಿವಗಂಗಾ. ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. "ನಾ ಬಿರುಸು ಮಾತಾಡಿದೆ ಅತ್ತಿ. ಅಂಜಿಕಿಗೆ ಮಾತಾಡಿದೆ. ನಮ್ಮವ್ವ ಇಲ್ಲಲ್ಲ, ಯಾರ್ನ ಕೇಳ್ಬೇಕು ಗೊತ್ತಾಗಂಗಿಲ್ಲ."

"ನಾ ಅದೀನಲ್ಲ. ನೀರು ಹಾಕು, ನೋಡಿ ಹಾಕು."

ಶಿವಗಂಗಾ ನೀರು ಹಾಕಿದಳು, ಮಲಕವ್ವ ಅಂಗೈ ಅಡ್ಡ ಹಿಡಿದಳು. ಇಷ್ಟು ಸುಖ ಅವಳಿಗೆ ಆಪರೇಷನ್ನಿನ ಮೇಲೆ ಆಗಿರಲಿಲ್ಲ. ಕೊನೆಗೆ ದೃಷ್ಟಿ ನೀರು ಇಳಿಸುವುದು ಉಳಿಯಿತು. ಅದನ್ನು ಎರೆದವಳೇ ತನ್ನ ಕೈಯಿಂದ ತುಂಬಿಕೊಳ್ಳಬೇಕು, ಇನ್ನೊಬ್ಬರು ಕೊಡಬಾರದು. ಹಂಡೆ ಪಾದಗಳ ಆಚೆಗಿತ್ತು. ಮಲಕವ್ವ ಒಂದು ಕೈಯಲ್ಲಿ ಕೂಸನ್ನು ಒತ್ತಿ ಹಿಡಿದು, ಚೆಂಬು ಹಿಡಿದ ಇನ್ನೊಂದು ಕೈಯನ್ನು ಚಾಚಿ, ಎಂದಿನಂತೆ ಪೂರ್ತಿ ಮುಂದಕ್ಕೆ ಬಗ್ಗಿದಳು.

ಒಳಗೆ ಕಟಕ್ಕೆಂದು ಗುಂಡು ಗೂಡು ಬಿಟ್ಟಿತು.

ಅವಳಿಗೆ ಕಣ್ಣು ಕತ್ತಲಿಟ್ಟಿತು. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿದಳು. ಬಲಗಾಲು ಅವಳ ಮಾತು ಕೇಳದೆ ಒಳಕ್ಕೆ ಹೊರಳುತ್ತಿತ್ತು, ಕೂಸು ಅದರ ಜೊತೆ ಜಾರುತ್ತಿತ್ತು. ಎಡಗಾಲನ್ನು ಒತ್ತಿ ಆನಿಸಿ, ಅದರ ಮೇಲೆ ಕೂಸನ್ನು ಎಳೆದುಕೊಂಡಳು. ಈಗ ಕೂಗಿದರೆ ಈ ಹುಡುಗಿ ಹೆದರಿ ಚೀರುತ್ತಾಳೆ, ಕೂಸು ನೆಲಕ್ಕೆ ಹೋಗುತ್ತದೆ. ಚೆಂಬಿನಲ್ಲಿ ಬಂದಷ್ಟು ನೀರನ್ನು ಕೂಸಿನ ಮುಖದ ಮುಂದೆ ಸುತ್ತಿಸಿದಳು.

"ಅವ್ವನ ದೃಷ್ಟಿ, ಅಪ್ಪನ ದೃಷ್ಟಿ, ಆಯಿ ದೃಷ್ಟಿ, ಎಲ್ಲಾ ಹೋಗ್ಲಿ," ಎಂದು ಬಚ್ಚಲ ತೂಬಿಗೆ ಚೆಲ್ಲಿದಳು. "ತಗೋ. ಕುತ್ತಿಗಿ ಹಿಡಕೊಂಡು ಎತ್ತು."

ಶಿವಗಂಗಾ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. "ಯಾಕ್ರಿ ಅತ್ತಿ, ಪೂರಾ ಬೆವತೀರಿ?"

"ಬಿಸಿನೀರಿನ ಝಳ. ನಿಂದ್ರಬ್ಯಾಡ, ಕೂಸಿಗೆ ಗಾಳಿ ಬಡೀತೈತಿ. ಹೊಗಿ ಹಾಕು ಹೋಗು. ಪರದಿ ಎಳಿ."

ಪರದೆ ಬಿತ್ತು. ಮಲಕವ್ವ ಎರಡೂ ಕೈಯಿಂದ ಕಟ್ಟೆ ಹಿಡಿದು ಏಳಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು, ಬಾಯಿಗೆ ಬಂದ ಕೂಗನ್ನು ಸೆರಗಿನಿಂದ ಒತ್ತಿ ಹಿಡಿದಳು. ಚಾಚಿದ ಕಾಲುಗಳಲ್ಲಿ ಒಂದು ಗಿಡ್ಡವಾಗಿತ್ತು, ಅದರ ಪಾದ ಇನ್ನೊಂದರ ಕಡೆ ಮುಖ ಮಾಡಿ ಮಲಗಿತ್ತು. ಮಗ ಹೇಳಿದಂತೆ ನಡೆದಿದ್ದೆನಲ್ಲ, ಎಲ್ಲರಂತೆ ನಡೆದಿದ್ದೆನಲ್ಲ ಎಂದು ಅವಳು ಆ ಪಾದವನ್ನೇ ನೋಡುತ್ತ ಕೂತಳು. ಸಾಂಬ್ರಾಣಿಯ ವಾಸನೆ ಇನ್ನೂ ಬಂದಿರಲಿಲ್ಲ.

"ಅತ್ತಿ," ಎಂದು ಪರದೆಯ ಆಚೆಯಿಂದ ಶಿವಗಂಗಾ ಪಿಸುಗುಟ್ಟಿದಳು. ನಗುತ್ತಿದ್ದಳೆಂದು ದನಿಯಲ್ಲೇ ತಿಳಿಯುತ್ತಿತ್ತು. "ಹೊಗಿ ಹಾಕೋದ್ರಾಗ ನಿದ್ದಿ ಹೋತ್ರಿ. ಇನ್ನ ಮ್ಯಾಲ ಯಾರ್ನೂ ಕರಿಯಂಗಿಲ್ಲ. ದಿನಾ ನೀವ ಎರೀರಿ."

ಮಲಕವ್ವ ಸೆರಗನ್ನು ಬಾಯಿಂದ ತೆಗೆದಳು.

"ಹೂಂ," ಎಂದಳು, ಕೂಸು ಎದ್ದೀತೆಂದು ಮೆಲ್ಲಗೆ.